ಹೋಟೆಲುಗಳಲ್ಲಿ ಟಿಪ್ಸ್

ಹೋಟೆಲು, ರೆಸ್ಟೋರೆಂಟುಗಳಲ್ಲಿ ಊಟ ತಿಂಡಿ ಬಡಿಸಿದವರಿಗೆ ಗಿರಾಕಿ ಬಿಲ್ಲಿನ ಮೊತ್ತವಲ್ಲದೆ ತನ್ನ ಇಚ್ಛೆಯಿಂದ ಕೊಡುವ ಹಣವೇ ಟಿಪ್ಸ್. ಭಕ್ಷೀಸು, ಇನಾಮು ಎಂಬ ಹೆಸರುಗಳೂ ಕನ್ನಡದಲ್ಲಿ ಬಳಕೆಯಲ್ಲಿವೆ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಬಹುಮಟ್ಟಿಗೆ ಆಯಾ ದೇಶದ ರೂಢಿ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಬಿಲ್ಲಿನ ಐದನೆಯ ಒಂದು ಭಾಗವನ್ನು ಮುಟ್ಟುವ ಈ ಹಣ ಜಪಾನಿನ ಸಾಮಾನ್ಯ ಹೋಟೆಲುಗಳಲ್ಲಿ ಚಲಾವಣೆಯಲ್ಲೇ ಇಲ್ಲ. ಇಷ್ಟು ಅಂತರಕ್ಕೆ ಮುಖ್ಯ ಕಾರಣ ಬಡಿಸುವವರ ಸಂಬಳದ ವ್ಯವಸ್ಥೆ. ಮಾಲೀಕನೇ ಪೂರ್ತಿ ಸಂಬಳ ಕೊಡುವ ದೇಶಗಳಲ್ಲಿ ಟಿಪ್ಸ್ ಒಂದು ಕೃತಜ್ಞತೆಯ ಕಾಣಿಕೆ. ಸಂಬಳದ ಹೊರೆಯನ್ನು ಕಾನೂನೇ ಗಿರಾಕಿಯ ಮೇಲೆ ಹೊರಿಸಿರುವ ಕಡೆ ಅದು ಕೆಲಸಗಾರನ ಕೂಲಿ. ಟಿಪ್ಸಿನ ಶಿಷ್ಟಾಚಾರವನ್ನು ಅರಿಯಲು ಈ ವ್ಯತ್ಯಾಸವನ್ನು ಮೊದಲು ಅರಿಯಬೇಕು.

ಸ್ವರೂಪ

ಟಿಪ್ಸಿಗೆ ಮೂರು ಲಕ್ಷಣಗಳಿವೆ: ಮೊತ್ತವನ್ನು ಗಿರಾಕಿಯೇ ನಿರ್ಧರಿಸುತ್ತಾನೆ, ಅದು ಸಾಮಾನ್ಯವಾಗಿ ಸೇವೆ ಮುಗಿದ ಮೇಲೆ ಸಲ್ಲುತ್ತದೆ, ಸೇರಬೇಕಾದದ್ದು ಕೆಲಸಗಾರರಿಗೆ, ಮಾಲೀಕನಿಗಲ್ಲ. ಬಿಲ್ಲಿನಲ್ಲಿ ಕಾಣುವ ಇನ್ನು ಕೆಲವು ಮೊತ್ತಗಳು ಇದರ ಜೊತೆ ಬೆರೆತು ಗೊಂದಲ ಹುಟ್ಟಿಸುತ್ತವೆ. ಸೇವಾ ಶುಲ್ಕವನ್ನು ಹೋಟೆಲೇ ನಿಗದಿ ಮಾಡಿ ಬಿಲ್ಲಿನಲ್ಲಿ ಮುದ್ರಿಸುತ್ತದೆ. ಆ ಹಣ ಮೊದಲು ಮಾಲೀಕನ ಖಾತೆಗೆ ಹೋಗುತ್ತದೆ. ಕೆಲಸಗಾರರಿಗೆ ಎಷ್ಟು ಹಂಚಿಕೆಯಾಗುತ್ತದೆ ಎಂಬುದು ಮಾಲೀಕನ ಕೈಯಲ್ಲಿದೆ. ಇಟಲಿಯ ಹೋಟೆಲುಗಳಲ್ಲಿ ತಲೆಗೆ ಇಷ್ಟೆಂದು ವಸೂಲಾಗುವ ‘ಕೊಪೆರ್ತೊ’ ಮೇಜು, ಬಟ್ಟೆ, ಬ್ರೆಡ್ಡಿನ ಲೆಕ್ಕಕ್ಕೆ ಸೇರಿದ್ದು. ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಸರ್ಕಾರಕ್ಕೆ ಸಲ್ಲುತ್ತದೆ. ಬಿಲ್ಲನ್ನು ಓದದೆ ಹಣ ಕೊಡುವ ಗಿರಾಕಿ ಒಂದೇ ಸೇವೆಗೆ ಎರಡು ಸಲ ಕೊಡುವುದೂ ಉಂಟು, ತೆರಿಗೆಯನ್ನೇ ಟಿಪ್ಸ್ ಎಂದು ಭಾವಿಸಿ ಏನೂ ಕೊಡದೆ ಎದ್ದುಹೋಗುವುದೂ ಉಂಟು.

ಇತಿಹಾಸ

ಇಂದಿನ ಟಿಪ್ಸ್ ಪದ್ಧತಿಯ ಬೇರು ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿದೆ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ದೊಡ್ಡ ಮನೆತನಗಳಲ್ಲಿ ಅತಿಥಿಯಾಗಿ ತಂಗಿದವರು ಹೊರಡುವಾಗ ಸೇವಕರಿಗೆ ಹಣ ಕೊಡಬೇಕಿತ್ತು. ‘ವೇಲ್ಸ್’ ಎಂಬ ಈ ಕಾಣಿಕೆಯನ್ನು ಬಾಗಿಲಲ್ಲಿ ಸಾಲಾಗಿ ನಿಂತ ಆಳುಗಳೆಲ್ಲರೂ ನಿರೀಕ್ಷಿಸುತ್ತಿದ್ದರು. ಹೊರೆ ಹೆಚ್ಚಾದಾಗ 1760ರ ಸುಮಾರಿಗೆ ಸ್ಕಾಟ್ಲೆಂಡಿನ ಗಣ್ಯರು ಇದನ್ನು ನಿಲ್ಲಿಸಲು ನಿರ್ಣಯ ಮಾಡಿದರು. ಸಮಾಜ ಸುಧಾರಕ ಜೋನಾಸ್ ಹ್ಯಾನ್‌ವೇ ಇದರ ವಿರುದ್ಧ ಬರೆದ. ಲಂಡನ್ನಿನಲ್ಲೂ ಇಂಥ ಪ್ರಯತ್ನ ನಡೆದಾಗ, 1764ರಲ್ಲಿ ಸೇವಕರು ಗಲಭೆ ಎಬ್ಬಿಸಿದರು. ಕಾಣಿಕೆಯೇ ಸಂಬಳವಾಗಿದ್ದವರಿಗೆ ಅದನ್ನು ನಿಲ್ಲಿಸುವುದೆಂದರೆ ಅನ್ನ ಕಸಿದಂತೆಯೇ ಆಗಿತ್ತು. ಟಿಪ್ಸ್ ಕುರಿತ ಮುಂದಿನ ಎಲ್ಲ ಚರ್ಚೆಗಳಲ್ಲೂ ಇದೇ ಪ್ರಶ್ನೆ ಮರುಕಳಿಸಿದೆ. ಕ್ರಮೇಣ ಈ ಅಭ್ಯಾಸ ಮನೆಗಳಿಂದ ಕಾಫಿ ಅಂಗಡಿಗಳಿಗೂ ಛತ್ರಗಳಿಗೂ ಹೋಟೆಲುಗಳಿಗೂ ಹರಡಿತು.

ಅಮೆರಿಕಕ್ಕೆ ಟಿಪ್ಸ್ ವ್ಯಾಪಕವಾಗಿ ಬಂದದ್ದು 1861-65ರ ಅಂತರ್ಯುದ್ಧದ ನಂತರ. ಯುರೋಪಿನ ಪ್ರವಾಸ ಮುಗಿಸಿ ಬಂದ ಶ್ರೀಮಂತರು ಅಲ್ಲಿ ಕಂಡ ರೀತಿಯನ್ನು ತಮ್ಮ ದೇಶದಲ್ಲೂ ಅನುಸರಿಸತೊಡಗಿದರು. ಅದೇ ಕಾಲದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಜನರು ಕೆಲಸ ಹುಡುಕುತ್ತಿದ್ದರು. ಹೋಟೆಲುಗಳೂ ರೈಲ್ವೆ ಕಂಪನಿಗಳೂ ಅವರನ್ನು ಅತಿ ಕಡಿಮೆ ಸಂಬಳಕ್ಕೆ ನೇಮಿಸಿಕೊಂಡು ಉಳಿದದ್ದನ್ನು ಪ್ರಯಾಣಿಕರಿಂದ ಪಡೆಯಲು ಬಿಟ್ಟವು. 1867ರಲ್ಲಿ ಸ್ಥಾಪನೆಯಾದ ಪುಲ್‌ಮನ್ ಕಂಪನಿಯ ಮಲಗುವ ಬೋಗಿಗಳ ಪೋರ್ಟರುಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಕಂಪನಿಯ ಒಡೆಯ ಜಾರ್ಜ್ ಪುಲ್‌ಮನ್ನನ ಹೆಸರಿನಿಂದ ಪ್ರಯಾಣಿಕರು ಎಲ್ಲ ಪೋರ್ಟರುಗಳನ್ನೂ ‘ಜಾರ್ಜ್’ ಎಂದೇ ಕೂಗುತ್ತಿದ್ದರು. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ನೇತೃತ್ವದಲ್ಲಿ ಪೋರ್ಟರುಗಳು ಸಂಘ ಕಟ್ಟಿ, 1937ರಲ್ಲಿ ಕಂಪನಿಯೊಡನೆ ವೇತನ ಒಪ್ಪಂದ ಮಾಡಿಕೊಂಡರು. ಟಿಪ್ಸ್ ನೆಚ್ಚಿದ ಬದುಕಿನಿಂದ ನಿಗದಿತ ಸಂಬಳದ ಕಡೆಗೆ ಕೆಲಸಗಾರರೇ ಹೋರಾಡಿ ಸಾಗಿದ ಮಹತ್ವದ ಘಟನೆಯಿದು.

ಟಿಪ್ಸ್ ಪ್ರಜಾಪ್ರಭುತ್ವಕ್ಕೆ ಒಗ್ಗದ ಪದ್ಧತಿ, ಒಬ್ಬನನ್ನು ಒಡೆಯನನ್ನಾಗಿಸಿ ಇನ್ನೊಬ್ಬನನ್ನು ಕೈಚಾಚುವವನನ್ನಾಗಿಸುತ್ತದೆ ಎಂಬ ವಾದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಬಲವಾಗಿತ್ತು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನು ಕಾನೂನಿನಿಂದ ನಿಷೇಧಿಸಿತು. ಮಿಸಿಸಿಪ್ಪಿ, ಅರ್ಕಾನ್ಸಾ, ಐಯೊವ, ಸೌತ್ ಕ್ಯಾರೊಲಿನಾ, ಟೆನೆಸಿ ರಾಜ್ಯಗಳೂ ಇದೇ ಹಾದಿ ಹಿಡಿದವು. ಆದರೆ ಕೊಡುವವರನ್ನೂ ಪಡೆಯುವವರನ್ನೂ ಹಿಡಿದು ದಂಡಿಸುವುದು ಆಗದ ಮಾತಾಗಿತ್ತು. 1926ರ ಹೊತ್ತಿಗೆ ಈ ಕಾನೂನುಗಳೆಲ್ಲ ರದ್ದಾಗಿದ್ದವು. ಸ್ಪೇನಿನ ಅಂತರ್ಯುದ್ಧದ ದಿನಗಳಲ್ಲಿ, 1936ರ ಕೊನೆಯಲ್ಲಿ, ಕಾರ್ಮಿಕರ ಹಿಡಿತದಲ್ಲಿದ್ದ ಬಾರ್ಸಿಲೋನಾದಲ್ಲೂ ಟಿಪ್ಸಿಗೆ ನಿಷೇಧವಿದ್ದುದನ್ನು ಲೇಖಕ ಜಾರ್ಜ್ ಆರ್ವೆಲ್ ದಾಖಲಿಸಿದ್ದಾನೆ.

ಅಮೆರಿಕ

ಟಿಪ್ಸ್ ಅತ್ಯಂತ ಆಳವಾಗಿ ಬೇರೂರಿರುವ ದೇಶ ಅಮೆರಿಕ. 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆ ದೇಶಕ್ಕೆಲ್ಲ ಕನಿಷ್ಠ ವೇತನವನ್ನು ತಂದಿತಾದರೂ ಹೋಟೆಲ್ ಕೆಲಸಗಾರರು ಅದರಿಂದ ಹೊರಗುಳಿದಿದ್ದರು. 1966ರ ತಿದ್ದುಪಡಿ ಅವರನ್ನು ಒಳಗೆ ಸೇರಿಸಿಕೊಂಡಿತು. ಜೊತೆಗೆ ಕನಿಷ್ಠ ವೇತನದ ಅರ್ಧದವರೆಗಿನ ಪಾಲನ್ನು ಟಿಪ್ಸಿನ ಲೆಕ್ಕಕ್ಕೆ ಹಾಕಿ ಕಳೆದುಕೊಳ್ಳಲು ಮಾಲೀಕರಿಗೆ ಅವಕಾಶವಿತ್ತಿತು. ಈ ಸೌಲಭ್ಯಕ್ಕೆ ‘ಟಿಪ್ ಕ್ರೆಡಿಟ್’ ಎಂದು ಹೆಸರು. 1991ರಿಂದ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ವೇತನ ಗಂಟೆಗೆ 2.13 ಡಾಲರ್. 1996ರ ಕಾನೂನು ಇದನ್ನು ಸಾಮಾನ್ಯ ಕನಿಷ್ಠ ವೇತನದಿಂದ ಬೇರ್ಪಡಿಸಿತು. ಮುಂದೆ ಸಾಮಾನ್ಯ ಕನಿಷ್ಠ ವೇತನ ಏರುತ್ತ 2009ರಲ್ಲಿ 7.25 ಡಾಲರಿಗೆ ಬಂದರೂ ಬಡಿಸುವವರ 2.13 ಡಾಲರ್ ಕದಲಲಿಲ್ಲ. ನಡುವಿನ 5.12 ಡಾಲರ್ ಗಿರಾಕಿಗಳ ಟಿಪ್ಸಿನಿಂದ ಬರಬೇಕು. ಬರದಿದ್ದರೆ ಮಾಲೀಕ ತುಂಬಿಕೊಡಬೇಕೆಂದು ಕಾನೂನು ಹೇಳುತ್ತದೆ. ಅದನ್ನು ಕೇಳಿ ಪಡೆಯುವ ಧೈರ್ಯ ಎಲ್ಲ ಕೆಲಸಗಾರರಿಗೂ ಇರುವುದಿಲ್ಲ.

ರಾಜ್ಯಗಳು ಇದಕ್ಕಿಂತ ಹೆಚ್ಚಿನ ವೇತನವನ್ನು ನಿಗದಿ ಮಾಡಬಹುದು. ಟೆಕ್ಸಾಸ್, ನಾರ್ತ್ ಕ್ಯಾರೊಲಿನಾ ಮುಂತಾದ ರಾಜ್ಯಗಳಲ್ಲಿ 2.13 ಡಾಲರೇ ನಡೆಯುತ್ತದೆ. ಕ್ಯಾಲಿಫೋರ್ನಿಯ, ಆರೆಗನ್, ವಾಷಿಂಗ್ಟನ್, ನೆವಾಡ, ಮಿನಿಸೋಟ, ಮಾಂಟಾನ, ಅಲಾಸ್ಕ ಈ ಏಳು ರಾಜ್ಯಗಳಲ್ಲಿ ಟಿಪ್ ಕ್ರೆಡಿಟ್ ಇಲ್ಲ. ಮಾಲೀಕ ಪೂರ್ತಿ ಕನಿಷ್ಠ ವೇತನ ಕೊಡಬೇಕು. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಸಿಲಿಕಾನ್ ಕಣಿವೆ ಕ್ಯಾಲಿಫೋರ್ನಿಯದಲ್ಲಿದ್ದು, 2025ರಲ್ಲಿ ಅಲ್ಲಿನ ಕನಿಷ್ಠ ವೇತನ ಗಂಟೆಗೆ 16.50 ಡಾಲರ್ ಆಗಿತ್ತು. ಆದರೂ ಟಿಪ್ಸಿನ ರೂಢಿ ಅಲ್ಲಿಯೂ ಟೆಕ್ಸಾಸಿನಂತೆಯೇ ಇದೆ. ಕಾನೂನು ಬದಲಾದ ವೇಗದಲ್ಲಿ ರೂಢಿ ಬದಲಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಶೇ 10ರಷ್ಟಿದ್ದ ವಾಡಿಕೆ ಮುಂದೆ ಶೇ 15ಕ್ಕೇರಿ, ಈಗ ಮೇಜಿನ ಬಳಿ ಬಂದು ಬಡಿಸುವ ಹೋಟೆಲುಗಳಲ್ಲಿ ಶೇ 15ರಿಂದ 20ಕ್ಕೆ ಬಂದಿದೆ. ದೊಡ್ಡ ನಗರಗಳಲ್ಲಿ ಶೇ 18-20 ಸಾಮಾನ್ಯ. ಲೆಕ್ಕ ಹಾಕುವುದು ತೆರಿಗೆ ಸೇರುವ ಮುನ್ನಿನ ಮೊತ್ತದ ಮೇಲೆ. ಊಟಕ್ಕೆ 60 ಡಾಲರ್, ತೆರಿಗೆ 5 ಡಾಲರ್ ಆಗಿದ್ದರೆ 60ರ ಶೇ 20, ಅಂದರೆ 12 ಡಾಲರ್ ಟಿಪ್ಸ್. ಒಟ್ಟು 77 ಡಾಲರ್. ಕಾರ್ಡಿನಿಂದ ಹಣ ಕೊಡುವವರು ಚೀಟಿಯ ಮೇಲೆ ಟಿಪ್ಸಿನ ಮೊತ್ತವನ್ನೂ ಒಟ್ಟು ಮೊತ್ತವನ್ನೂ ಬರೆದು ಸಹಿ ಮಾಡುತ್ತಾರೆ. ರಿಯಾಯಿತಿ ಕೂಪನ್ ಬಳಸಿದ್ದರೆ ಮೂಲ ಬೆಲೆಯ ಮೇಲೆ ಟಿಪ್ಸ್ ಕೊಡುವುದು ಸಭ್ಯತೆ, ಏಕೆಂದರೆ ಬಡಿಸಿದವರ ಶ್ರಮದಲ್ಲಿ ರಿಯಾಯಿತಿ ಇರುವುದಿಲ್ಲ. ತಾವೇ ಬಡಿಸಿಕೊಳ್ಳುವ ಬಫೆಯಲ್ಲಿ ಶೇ 10 ಸಾಕು. ಬಾರಿನಲ್ಲಿ ಒಂದು ಪಾನೀಯಕ್ಕೆ ಒಂದೆರಡು ಡಾಲರ್ ಕೊಡುವ ವಾಡಿಕೆಯಿದೆ. ಆರೆಂಟು ಜನರಿಗಿಂತ ದೊಡ್ಡ ಗುಂಪಿಗೆ ಅನೇಕ ಹೋಟೆಲುಗಳು ಶೇ 18ರಷ್ಟನ್ನು ತಾವೇ ಬಿಲ್ಲಿಗೆ ಸೇರಿಸುತ್ತವೆ. ಅಂಥ ಬಿಲ್ಲಿಗೆ ಮತ್ತೆ ಟಿಪ್ಸ್ ಕೊಡಬೇಕಿಲ್ಲ.

ಭಾರತದಿಂದ ಹೋದ ವಿದ್ಯಾರ್ಥಿಗಳಿಗೂ ಮಕ್ಕಳನ್ನು ನೋಡಲು ಹೋದ ತಂದೆತಾಯಿಗಳಿಗೂ ಈ ಲೆಕ್ಕ ಹೊಸದು. 12 ಡಾಲರನ್ನು ರೂಪಾಯಿಗೆ ತಿರುಗಿಸಿದರೆ ಸಾವಿರ ದಾಟುವುದರಿಂದ ಕೈ ಹಿಂದೆಗೆಯುವುದು ಸಹಜ. ಆದರೆ ಅಲ್ಲಿನ ಹೋಟೆಲುಗಳು ತಿನಿಸಿನ ಬೆಲೆಯನ್ನು ನಿಗದಿ ಮಾಡುವಾಗ ಬಡಿಸುವವರ ಪೂರ್ತಿ ಸಂಬಳವನ್ನು ಅದರಲ್ಲಿ ಸೇರಿಸಿರುವುದಿಲ್ಲ. ಟಿಪ್ಸ್ ಸೇರಿದ ಮೊತ್ತವೇ ಅಲ್ಲಿನ ಊಟದ ನಿಜವಾದ ಬೆಲೆ.

ಹಣ ಒಬ್ಬರ ಕೈಗೆ ಬಂದರೂ ಒಬ್ಬರಲ್ಲೇ ಉಳಿಯುವುದಿಲ್ಲ. ಮೇಜು ಒರೆಸಿ ತಟ್ಟೆ ತೆಗೆಯುವವರು, ಪಾನೀಯ ಬೆರೆಸುವವರು, ಬಾಗಿಲಲ್ಲಿ ಸ್ವಾಗತಿಸುವವರು ಇವರಿಗೆಲ್ಲ ಬಡಿಸುವವರು ತಮ್ಮ ಟಿಪ್ಸಿನಲ್ಲಿ ಪಾಲು ಕೊಡುತ್ತಾರೆ. ಎಲ್ಲರ ಟಿಪ್ಸನ್ನೂ ಒಟ್ಟುಗೂಡಿಸಿ ಗಂಟೆಗಳ ಲೆಕ್ಕದಲ್ಲಿ ಹಂಚುವ ಹೋಟೆಲುಗಳೂ ಇವೆ. ಮಾಲೀಕರೂ ಮ್ಯಾನೇಜರುಗಳೂ ಈ ಹಣವನ್ನು ಇಟ್ಟುಕೊಳ್ಳಬಾರದೆಂದು 2018ರ ತಿದ್ದುಪಡಿ ಸ್ಪಷ್ಟಪಡಿಸಿತು. ಪೂರ್ತಿ ಕನಿಷ್ಠ ವೇತನ ಕೊಡುವ ಹೋಟೆಲುಗಳಲ್ಲಿ ಅಡುಗೆಮನೆಯವರಿಗೂ ಪಾಲು ಕೊಡಲು ದಾರಿಯಾಯಿತು. ಟಿಪ್ಸ್ ಆದಾಯ ತೆರಿಗೆಗೆ ಒಳಪಡುತ್ತದೆ. ತಿಂಗಳಿಗೆ 20 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಪಡೆದವರು ಅದನ್ನು ಮಾಲೀಕರಿಗೆ ವರದಿ ಮಾಡಬೇಕು. 2025ರ ಜುಲೈಯಲ್ಲಿ ಜಾರಿಯಾದ ಕಾನೂನಿನಂತೆ 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರುಗಳವರೆಗಿನ ಟಿಪ್ಸನ್ನು ತೆರಿಗೆಯ ಆದಾಯದಿಂದ ಕಳೆದುಕೊಳ್ಳಬಹುದು. ಹೆಚ್ಚು ಆದಾಯವಿರುವವರಿಗೆ ಈ ಸೌಲಭ್ಯ ಕಡಿಮೆಯಾಗುತ್ತ ಹೋಗುತ್ತದೆ.

ಯುರೋಪು

ಯುರೋಪಿನ ಬಹುಪಾಲು ದೇಶಗಳಲ್ಲಿ ಬಡಿಸುವುದು ನಿಗದಿತ ಸಂಬಳದ ವೃತ್ತಿ. ಫ್ರಾನ್ಸಿನಲ್ಲಿ 1987ರಿಂದ ಬೆಲೆಪಟ್ಟಿಯ ದರದಲ್ಲೇ ಸೇವೆಯ ವೆಚ್ಚ ಸೇರಿರಬೇಕೆಂಬ ನಿಯಮವಿದೆ. ಸಂತೋಷವಾದ ಗಿರಾಕಿ ಮೇಜಿನ ಮೇಲೆ ಒಂದೆರಡು ಯೂರೊ ಚಿಲ್ಲರೆ ಬಿಟ್ಟುಹೋಗುತ್ತಾನೆ, ಬಿಡದಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ. ಜರ್ಮನಿಯಲ್ಲಿ ಬಿಲ್ಲನ್ನು ಮೇಲಿನ ಸುತ್ತು ಅಂಕಿಗೆ ಏರಿಸಿ ಕೊಡುವುದು, ಒಟ್ಟಾರೆ ಶೇ 5ರಿಂದ 10ರಷ್ಟು ಹೆಚ್ಚು ಕೊಡುವುದು ರೂಢಿ. ಅಲ್ಲಿ ಹಣವನ್ನು ಮೇಜಿನ ಮೇಲೆ ಬಿಟ್ಟು ಹೋಗುವುದಿಲ್ಲ. ಹಣ ಪಡೆಯಲು ಬಂದವರಿಗೆ ಚಿಲ್ಲರೆ ಸೇರಿದ ಒಟ್ಟು ಮೊತ್ತವನ್ನು ಬಾಯಲ್ಲಿ ಹೇಳಿ ಕೈಗೇ ಕೊಡಬೇಕು. ನೌಕರರು ಹೀಗೆ ಪಡೆಯುವ ಟಿಪ್ಸಿಗೆ ಜರ್ಮನಿಯಲ್ಲಿ 2002ರಿಂದ ತೆರಿಗೆಯಿಲ್ಲ.

ಬ್ರಿಟನ್ನಿನ ಹೋಟೆಲುಗಳು, ಮುಖ್ಯವಾಗಿ ಲಂಡನ್ನಿನವು, ಬಿಲ್ಲಿಗೆ ಶೇ 12.5ರಷ್ಟು ಐಚ್ಛಿಕ ಸೇವಾ ಶುಲ್ಕ ಸೇರಿಸುತ್ತವೆ. ಸೇವೆ ಹಿಡಿಸದಿದ್ದರೆ ಅದನ್ನು ತೆಗೆಸಿಹಾಕಲು ಗಿರಾಕಿಗೆ ಹಕ್ಕಿದೆ. 2009ರ ಅಕ್ಟೋಬರಿನಿಂದ ಅಲ್ಲಿ ಟಿಪ್ಸನ್ನು ಕನಿಷ್ಠ ವೇತನದ ಲೆಕ್ಕಕ್ಕೆ ಹಾಕುವಂತಿಲ್ಲ. ಕೆಲವು ಮಾಲೀಕರು ಕಾರ್ಡಿನಿಂದ ಬಂದ ಟಿಪ್ಸಿನಲ್ಲಿ ಪಾಲು ಇಟ್ಟುಕೊಳ್ಳುತ್ತಿದ್ದರೆಂಬ ದೂರುಗಳ ಹಿನ್ನೆಲೆಯಲ್ಲಿ 2023ರಲ್ಲಿ ಟಿಪ್ಸ್ ಹಂಚಿಕೆ ಕಾಯ್ದೆ ಬಂದಿತು. 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯಂತೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಟಿಪ್ಸೂ ಸೇವಾ ಶುಲ್ಕವೂ ಪೂರ್ತಿಯಾಗಿ ಕೆಲಸಗಾರರಿಗೆ, ನ್ಯಾಯವಾದ ಹಂಚಿಕೆಯಲ್ಲಿ ಸೇರಬೇಕು.

ಪೂರ್ವ ಏಷ್ಯ ಮತ್ತು ಇತರ ಪ್ರದೇಶಗಳು

ಜಪಾನಿನಲ್ಲಿ ಒಳ್ಳೆಯ ಸೇವೆ ವೃತ್ತಿಯ ಸಹಜ ಧರ್ಮ. ಅದಕ್ಕೆ ಬೇರೆ ಹಣ ಕೊಡುವುದು ಅನಗತ್ಯವೆಂದು ಜನ ತಿಳಿದಿದ್ದಾರೆ. ಮೇಜಿನ ಮೇಲೆ ಬಿಟ್ಟ ಹಣವನ್ನು ಗಿರಾಕಿ ಮರೆತು ಹೋದದ್ದೆಂದು ಭಾವಿಸಿ ಓಡಿಬಂದು ಹಿಂದಿರುಗಿಸುವುದುಂಟು. ಸಾಂಪ್ರದಾಯಿಕ ತಂಗುಮನೆಗಳಾದ ರ‍್ಯೊಕಾನ್‌ಗಳಲ್ಲಿ ಮಾತ್ರ ಉಪಚರಿಸುವ ಹೆಂಗಸಿಗೆ ಚಿಕ್ಕ ಲಕೋಟೆಯಲ್ಲಿಟ್ಟು ‘ಕೊಕೊರೊಜುಕೆ’ ಎಂಬ ಕಾಣಿಕೆ ಕೊಡುವ ಹಳೆಯ ರೂಢಿಯಿದೆ. ಚೀನ, ದಕ್ಷಿಣ ಕೊರಿಯಗಳ ಸಾಮಾನ್ಯ ಹೋಟೆಲುಗಳಲ್ಲೂ ಟಿಪ್ಸ್ ಇಲ್ಲ. ಸಿಂಗಪುರದಲ್ಲಿ ಬಿಲ್ಲಿಗೆ ಶೇ 10 ಸೇವಾ ಶುಲ್ಕವನ್ನೂ ಅದರ ಮೇಲೆ ತೆರಿಗೆಯನ್ನೂ ಹಾಕುವುದರಿಂದ ಬೇರೆ ಟಿಪ್ಸಿನ ನಿರೀಕ್ಷೆಯಿಲ್ಲ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಕನಿಷ್ಠ ವೇತನ ಚೆನ್ನಾಗಿದ್ದು ಟಿಪ್ಸ್ ಗಿರಾಕಿಯ ಇಷ್ಟಕ್ಕೆ ಬಿಟ್ಟದ್ದು. ಬ್ರೆಜಿಲಿನ ಹೋಟೆಲುಗಳು ಶೇ 10ನ್ನು ಬಿಲ್ಲಿನಲ್ಲೇ ಸೂಚಿಸುತ್ತವೆ. ಈಜಿಪ್ಟ್ ಮೊದಲಾದ ಅರಬ್ ದೇಶಗಳಲ್ಲಿ ಹೋಟೆಲಿನವರಿಂದ ಹಿಡಿದು ದಾರಿ ತೋರಿಸಿದವರವರೆಗೆ ಸಣ್ಣಪುಟ್ಟ ನೆರವಿಗೆಲ್ಲ ಭಕ್ಷೀಸು ಕೊಡುವ ವಾಡಿಕೆಯಿದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಟಿಪ್ಸಿಗೆ ನಿಗದಿತ ಪ್ರಮಾಣವಿಲ್ಲ. ದೊಡ್ಡ ರೆಸ್ಟೋರೆಂಟುಗಳಲ್ಲಿ ಬಿಲ್ಲಿನ ಶೇ 5ರಿಂದ 10 ಕೊಡುವುದು ನಗರಗಳ ರೂಢಿ. ಮಧ್ಯಮ ದರ್ಜೆಯ ಹೋಟೆಲುಗಳಲ್ಲಿ ಬಿಲ್ಲಿನ ಜೊತೆ ಸೋಂಪು, ಸಕ್ಕರೆ ಇಟ್ಟ ತಟ್ಟೆ ಬರುತ್ತದೆ; ಮರಳಿ ಬಂದ ಚಿಲ್ಲರೆಯಲ್ಲಿ ಹತ್ತಿಪ್ಪತ್ತು ರೂಪಾಯಿಯನ್ನು ಅದರಲ್ಲೇ ಬಿಟ್ಟು ಏಳುತ್ತಾರೆ. ಬಾರುಗಳಲ್ಲೂ ಮಾಂಸಾಹಾರಿ ಹೋಟೆಲುಗಳಲ್ಲೂ ಸಪ್ಲೈಯರುಗಳು ಟಿಪ್ಸನ್ನು ಹೆಚ್ಚು ನೆಚ್ಚಿಕೊಂಡಿರುತ್ತಾರೆ. ಮನೆಮಂದಿಯೇ ನಡೆಸುವ ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಊಟದ ಹಣವಲ್ಲದೆ ಬೇರೆ ಕೊಡುವ ಪದ್ಧತಿ ವಿರಳ.

ಕರ್ನಾಟಕದ ಹೋಟೆಲ್ ಉದ್ಯಮವನ್ನು ಬೆಳೆಸಿದವರಲ್ಲಿ ಉಡುಪಿ, ದಕ್ಷಿಣ ಕನ್ನಡದವರು ಪ್ರಮುಖರು. ಊರಿಂದ ಬಂದ ಹುಡುಗರು ಮಾಣಿಗಳಾಗಿ ಸೇರಿ, ಊಟ ವಸತಿಯನ್ನು ಹೋಟೆಲಿನಲ್ಲೇ ಪಡೆದು ಅಲ್ಪ ಸಂಬಳಕ್ಕೆ ದುಡಿಯುತ್ತಿದ್ದರು. ಅಂಥವರಿಗೆ ಗಿರಾಕಿಗಳು ಬಿಟ್ಟುಹೋಗುವ ಪುಡಿಗಾಸು ಕೈಖರ್ಚಿಗೆ ಒದಗುತ್ತಿತ್ತು. ಮಾಣಿಯಾಗಿ ಬಂದು ಗಲ್ಲಾದ ಮೇಲೆ ಕುಳಿತು ಮುಂದೆ ಸ್ವಂತ ಹೋಟೆಲು ತೆರೆದವರು ಈ ಉದ್ಯಮದಲ್ಲಿ ಅನೇಕರಿದ್ದಾರೆ. ಬಡಿಸುವವರೇ ಒಡೆಯರಾದ ಇನ್ನೊಂದು ಮಾದರಿಯೂ ಬೆಂಗಳೂರಿನಲ್ಲಿ ಹುಟ್ಟಿತು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ 1957ರಲ್ಲಿ ಇಲ್ಲಿ ತಮ್ಮ ಮೊದಲ ಸಹಕಾರ ಸಂಘ ಸ್ಥಾಪಿಸಿದರು. ಪೇಟ ತೊಟ್ಟು ಕಾಫಿ ತಂದುಕೊಡುವ ಅಲ್ಲಿನ ನೌಕರರು ಸಂಘದ ಸದಸ್ಯರಾಗಿ ಸಂಸ್ಥೆಯನ್ನು ತಾವೇ ನಡೆಸುವವರಾದರು.

ಟಿಪ್ಸ್ ಇಲ್ಲದ ಹೋಟೆಲಿನ ಮಾದರಿಯನ್ನೂ ಬೆಂಗಳೂರು ಕಂಡುಕೊಂಡಿತು. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ದರ್ಶಿನಿಗಳ ಪರಂಪರೆ ಬೆಳೆಯಿತು. ಗಲ್ಲಾದಲ್ಲಿ ಹಣ ಕೊಟ್ಟು ಟೋಕನ್ ಪಡೆದು, ಕೌಂಟರಿನಲ್ಲಿ ತಿಂಡಿ ತೆಗೆದುಕೊಂಡು, ನಿಂತೇ ತಿನ್ನುವ ಈ ಹೋಟೆಲುಗಳಲ್ಲಿ ಬಡಿಸುವವರಿಲ್ಲ, ಆದ್ದರಿಂದ ಟಿಪ್ಸೂ ಇಲ್ಲ. ಕಡಿಮೆ ಬೆಲೆ, ಬೇಗನೆ ಸಿಗುವ ತಿಂಡಿ, ಕಣ್ಣಿಗೆ ಕಾಣುವ ಅಡುಗೆಮನೆ ಇವುಗಳಿಂದ ಜನಪ್ರಿಯವಾದ ದರ್ಶಿನಿಗಳಿಂದಾಗಿ ನಗರದ ಬಹುಪಾಲು ಜನರ ದಿನನಿತ್ಯದ ತಿಂಡಿ ಕಾಫಿಯಲ್ಲಿ ಟಿಪ್ಸಿನ ಪ್ರಶ್ನೆಯೇ ಏಳುವುದಿಲ್ಲ. ಈಚಿನ ವರ್ಷಗಳಲ್ಲಿ ಕುಳಿತು ತಿನ್ನುವ ಹೋಟೆಲುಗಳಲ್ಲೂ ಯುಪಿಐ ಪಾವತಿ ಬಂದಿದೆ. ಮೊಬೈಲಿನಲ್ಲಿ ಬಿಲ್ಲಿನ ಮೊತ್ತ ಪೈಸೆಗೆ ಪೈಸೆ ಸಂದಾಯವಾಗುವುದರಿಂದ ತಟ್ಟೆಯಲ್ಲಿ ಉಳಿಯುತ್ತಿದ್ದ ಚಿಲ್ಲರೆ ಮರೆಯಾಗುತ್ತಿದೆ. ಬಡಿಸಿದವರಿಗೆ ಏನಾದರೂ ಕೊಡಬೇಕೆನ್ನುವವರು ಜೇಬಿನಲ್ಲಿ ಹತ್ತು, ಇಪ್ಪತ್ತು, ಐವತ್ತರ ನೋಟು ಇಟ್ಟುಕೊಂಡಿರುವುದು ಒಳ್ಳೆಯದು.

ಭಾರತದ ಕಾನೂನು

ಅಮೆರಿಕದ ಟಿಪ್ ಕ್ರೆಡಿಟ್‌ಗೆ ಸಮಾನವಾದದ್ದು ಭಾರತದ ಕಾನೂನಿನಲ್ಲಿ ಇಲ್ಲ. ಟಿಪ್ಸ್ ಬರುತ್ತದೆಂಬ ಕಾರಣಕ್ಕೆ ಮಾಲೀಕ ಕನಿಷ್ಠ ವೇತನದಲ್ಲಿ ಕಡಿತ ಮಾಡುವಂತಿಲ್ಲ. 1976ರಲ್ಲಿ ಜೈಪುರದ ರಾಮ್‌ಬಾಗ್ ಪ್ಯಾಲೆಸ್ ಹೋಟೆಲಿನ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಟಿಪ್ಸ್ ವೇತನದ ಭಾಗವಲ್ಲವೆಂದಿತು. ನೌಕರರ ರಾಜ್ಯ ವಿಮಾ ಕಾಯ್ದೆಯಡಿ ಮೈಸೂರಿನ ಸದರ್ನ್ ಸ್ಟಾರ್ ಹೋಟೆಲಿನ ಪ್ರಕರಣದಲ್ಲೂ ಇದೇ ನಿಲುವು ತಳೆಯಿತು. ಕಾರ್ಡಿನ ಮೂಲಕ ಬಂದ ಟಿಪ್ಸನ್ನು ನೌಕರರಿಗೆ ಹಂಚುವಾಗ ಹೋಟೆಲು ಅದರಿಂದ ಆದಾಯ ತೆರಿಗೆ ಮುರಿದುಕೊಳ್ಳಬೇಕೇ ಎಂಬ ಪ್ರಶ್ನೆ ಐಟಿಸಿ ಕಂಪನಿಯ ಪ್ರಕರಣದಲ್ಲಿ ಎದ್ದಿತು. ಆ ಹಣ ಗಿರಾಕಿಯದು, ಹೋಟೆಲು ಅದನ್ನು ನೌಕರರ ಪರವಾಗಿ ಇಟ್ಟುಕೊಂಡಿರುತ್ತದೆ ಅಷ್ಟೆ, ಆದ್ದರಿಂದ ಅದು ಸಂಬಳವಲ್ಲವೆಂದು 2016ರ ಏಪ್ರಿಲಿನಲ್ಲಿ ನ್ಯಾಯಾಲಯ ತೀರ್ಮಾನಿಸಿತು. ನೌಕರನ ಮಟ್ಟಿಗೆ ಅದು ಇತರ ಮೂಲಗಳ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ.

ಸೇವಾ ಶುಲ್ಕದ ವಿವಾದ ಬೇರೆ ಬಗೆಯದು. ದೊಡ್ಡ ನಗರಗಳ ಅನೇಕ ರೆಸ್ಟೋರೆಂಟುಗಳು ಬಿಲ್ಲಿನ ಮೇಲೆ ಶೇ 5ರಿಂದ 15ರವರೆಗೆ ಸೇವಾ ಶುಲ್ಕ ಹಾಕಿ, ಅದರ ಮೇಲೆ ಜಿಎಸ್‌ಟಿಯನ್ನೂ ವಸೂಲು ಮಾಡುತ್ತಿದ್ದವು. 2017ರ ಏಪ್ರಿಲಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದು ಐಚ್ಛಿಕವೆಂದು ಸ್ಪಷ್ಟಪಡಿಸಿದರೂ ವಸೂಲಿ ನಿಲ್ಲಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಅದರಂತೆ ಹೋಟೆಲುಗಳು ಸೇವಾ ಶುಲ್ಕವನ್ನು ತಾವಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು, ಕೊಡಲು ಒತ್ತಾಯಿಸಬಾರದು, ಕೊಡದವರಿಗೆ ಪ್ರವೇಶವನ್ನಾಗಲಿ ಸೇವೆಯನ್ನಾಗಲಿ ನಿರಾಕರಿಸಬಾರದು, ಅದನ್ನು ಊಟದ ಬಿಲ್ಲಿಗೆ ಸೇರಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಬಾರದು.

ಹೋಟೆಲ್ ಉದ್ಯಮದ ಎರಡು ರಾಷ್ಟ್ರಮಟ್ಟದ ಸಂಘಗಳು ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದವು. ಅದೇ ತಿಂಗಳು ಮಾರ್ಗಸೂಚಿಗೆ ತಡೆ ಸಿಕ್ಕಿತು. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಮಾರ್ಗಸೂಚಿಯನ್ನು ಎತ್ತಿಹಿಡಿದು ಅರ್ಜಿಗಳನ್ನು ವಜಾ ಮಾಡಿದರು; ಎರಡೂ ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ವೆಚ್ಚ ವಿಧಿಸಿದರು. ಗ್ರಾಹಕ ತಾನಾಗಿ ಕೊಡುವ ಟಿಪ್ಸಿಗೆ ಅಡ್ಡಿಯಿಲ್ಲ, ಒತ್ತಾಯದ ವಸೂಲಿ ಕಾನೂನಿಗೆ ವಿರುದ್ಧ ಎಂಬುದು ತೀರ್ಪಿನ ಸಾರ. ಸಂಘಗಳು ಇದರ ವಿರುದ್ಧ ವಿಭಾಗೀಯ ಪೀಠಕ್ಕೆ ಮೇಲ್ಮನವಿ ಸಲ್ಲಿಸಿದವು. ಬಿಲ್ಲಿನಲ್ಲಿ ಸೇವಾ ಶುಲ್ಕ ಕಂಡರೆ ತೆಗೆಯುವಂತೆ ಮೊದಲು ಹೋಟೆಲಿನವರನ್ನೇ ಕೇಳಬಹುದು. ಒಪ್ಪದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ಅಧ್ಯಯನಗಳು ಮತ್ತು ಟೀಕೆ

ಒಳ್ಳೆಯ ಸೇವೆಗೆ ಹೆಚ್ಚು ಟಿಪ್ಸ್, ಕೆಟ್ಟ ಸೇವೆಗೆ ಕಡಿಮೆ ಎಂಬುದು ಈ ಪದ್ಧತಿಯ ಸಮರ್ಥನೆ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕಲ್ ಲಿನ್ ಮತ್ತು ಸಂಗಡಿಗರ ಅಧ್ಯಯನಗಳು ಇದನ್ನು ಪೂರ್ತಿ ಒಪ್ಪುವುದಿಲ್ಲ. ಸೇವೆಯ ಗುಣಮಟ್ಟಕ್ಕೂ ಟಿಪ್ಸಿನ ಪ್ರಮಾಣಕ್ಕೂ ಇರುವ ಸಂಬಂಧ ಬಹಳ ತೆಳುವಾದದ್ದು. ಬಿಲ್ಲಿನ ಗಾತ್ರವೇ ಮುಖ್ಯ. ಬಡಿಸುವವರು ಮೇಜಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಮಾತನಾಡಿದಾಗ ಟಿಪ್ಸ್ ಹೆಚ್ಚಿದ್ದು 1993ರ ಅಧ್ಯಯನದಲ್ಲಿ ಕಂಡುಬಂದಿತು. ಬಿಲ್ಲಿನ ಹಿಂದೆ ನಗುಮುಖದ ಚಿತ್ರ ಬರೆದಾಗ ಬಡಿಸುವ ಹೆಂಗಸರಿಗೆ ಹೆಚ್ಚು ಟಿಪ್ಸ್ ಸಿಕ್ಕಿತು, ಗಂಡಸರಿಗೆ ಸಿಗಲಿಲ್ಲ ಎಂದು 1996ರ ಅಧ್ಯಯನ ಹೇಳಿತು. ಬಡಿಸುವವರ ಚರ್ಮದ ಬಣ್ಣ, ರೂಪ, ಲಿಂಗ ಇವು ಮೊತ್ತದ ಮೇಲೆ ಪರಿಣಾಮ ಬೀರುತ್ತವೆ ಎಂಬುದಕ್ಕೂ ಆಧಾರಗಳಿವೆ. ಸಂಬಳ ಗಿರಾಕಿಯ ಕೈಯಲ್ಲಿದ್ದರೆ ಅವನ ಅನುಚಿತ ಮಾತು, ವರ್ತನೆಯನ್ನೂ ಸಹಿಸಬೇಕಾಗುತ್ತದೆ ಎಂಬುದು ಹೆಣ್ಣುಮಕ್ಕಳ ಮುಖ್ಯ ದೂರು. ಬೆಂಕಿಯ ಮುಂದೆ ನಿಂತು ಅಡುಗೆ ಮಾಡಿದವರಿಗೆ ಟಿಪ್ಸಿನ ಪಾಲು ಸಿಗದಿರುವುದು ಇನ್ನೊಂದು ಅನ್ಯಾಯ.

ಟಿಪ್ಸನ್ನು ಕೈಬಿಟ್ಟು ಬೆಲೆಯಲ್ಲೇ ಸೇವೆಯನ್ನು ಸೇರಿಸುವ ಪ್ರಯೋಗಗಳೂ ನಡೆದಿವೆ. ನ್ಯೂಯಾರ್ಕಿನ ಹೆಸರಾಂತ ಹೋಟೆಲ್ ಉದ್ಯಮಿ ಡ್ಯಾನಿ ಮೆಯರ್ 2015ರಲ್ಲಿ ತಮ್ಮ ರೆಸ್ಟೋರೆಂಟುಗಳಲ್ಲಿ ಇದನ್ನು ಆರಂಭಿಸಿದರು. ಬೆಲೆಪಟ್ಟಿ ದುಬಾರಿಯಾಗಿ ಕಂಡಿತು. ಟಿಪ್ಸಿನಿಂದ ಹೆಚ್ಚು ಗಳಿಸುತ್ತಿದ್ದ ಕೆಲವರು ಕೆಲಸ ಬಿಟ್ಟರು. 2020ರ ಜುಲೈಯಲ್ಲಿ ಪ್ರಯೋಗ ಕೊನೆಗೊಂಡಿತು. ಸುತ್ತಲಿನ ಎಲ್ಲ ಹೋಟೆಲುಗಳೂ ಹಳೆಯ ಪದ್ಧತಿಯಲ್ಲಿರುವಾಗ ಒಂದು ಹೋಟೆಲು ಮಾತ್ರ ಬದಲಾಗುವುದು ಕಷ್ಟ. ಫ್ರಾನ್ಸಿನಂತೆ ಎಲ್ಲರಿಗೂ ಒಂದೇ ನಿಯಮ ಬಂದ ಕಡೆ ಬದಲಾವಣೆ ನೆಲೆ ನಿಂತಿದೆ.

ಶಿಷ್ಟಾಚಾರ

ಟಿಪ್ಸ್ ಕೊಡುವ ಮೊದಲು ಬಿಲ್ಲನ್ನು ಪೂರ್ತಿ ಓದಬೇಕು. ಸೇವಾ ಶುಲ್ಕ ಸೇರಿದ್ದು ಅದನ್ನು ಕೊಡಲು ಒಪ್ಪಿದ್ದರೆ ಬೇರೆ ಟಿಪ್ಸ್ ಅಗತ್ಯವಿಲ್ಲ. ಹಣವನ್ನು ಮುಖ ನೋಡಿ, ಒಂದು ಒಳ್ಳೆಯ ಮಾತಿನೊಡನೆ ಕೊಡುವುದು ಸೌಜನ್ಯ; ಮೇಜಿನ ಮೇಲೆ ಎಸೆಯುವುದು, ಎಲ್ಲರೆದುರು ಎಣಿಸಿ ತೋರಿಸುವುದು, ಮೊದಲೇ ನೋಟು ತೋರಿಸಿ ವಿಶೇಷ ಉಪಚಾರ ಕೇಳುವುದು ಅವಮಾನ. ಅಡುಗೆ ತಡವಾಗಿದ್ದರೆ, ಉಪ್ಪು ಖಾರ ಹೆಚ್ಚಾಗಿದ್ದರೆ ಆ ಸಿಟ್ಟನ್ನು ಬಡಿಸಿದವರ ಟಿಪ್ಸಿನ ಮೇಲೆ ತೀರಿಸಿಕೊಳ್ಳಬಾರದು, ಮ್ಯಾನೇಜರಿಗೆ ತಿಳಿಸಬೇಕು. ಮೇಜನ್ನು ಬಹಳ ಹೊತ್ತು ಹಿಡಿದುಕೊಂಡು ಕುಳಿತವರು, ಮಕ್ಕಳೊಂದಿಗೆ ಬಂದು ಹೆಚ್ಚು ಕೆಲಸ ಕೊಟ್ಟವರು ಸ್ವಲ್ಪ ಹೆಚ್ಚು ಕೊಡುವುದು ಉಚಿತ. ತಟ್ಟೆ ಎತ್ತುವ ಕ್ಲೀನರಿಗೂ ಪಾಲು ಸೇರುತ್ತದೆಯೇ ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ. ಹೋಟೆಲಿನವರೂ ಕೆಲವು ಮರ್ಯಾದೆಗಳನ್ನು ಪಾಲಿಸಬೇಕು: ಚಿಲ್ಲರೆಯನ್ನು ಪೂರ್ತಿ ತಂದುಕೊಡಬೇಕು, ಗಿರಾಕಿ ಕೇಳುವಂತೆ ಮಾಡಬಾರದು, ಟಿಪ್ಸಿಗಾಗಿ ಮೇಜಿನ ಬಳಿ ಕಾದು ನಿಲ್ಲಬಾರದು, ಕೊಡದವರನ್ನು ಕಡೆಗಣಿಸಬಾರದು.

ವಿದೇಶಕ್ಕೆ ಹೋದವರು ಆ ದೇಶದ ರೂಢಿಯನ್ನು ಅನುಸರಿಸುವುದು ಸರಿಯಾದ ದಾರಿ. ಅಮೆರಿಕದಲ್ಲಿ ಟಿಪ್ಸ್ ಕೊಡದಿರುವುದು ಬಡಿಸಿದವರ ಕೂಲಿಯನ್ನು ಉಳಿಸಿಕೊಂಡಂತೆ. ಜಪಾನಿನಲ್ಲಿ ಕೊಡಲು ಹೋಗುವುದು ಅವರನ್ನು ಮುಜುಗರಕ್ಕೆ ಸಿಕ್ಕಿಸುವುದು. ಭಾರತದಲ್ಲಿ ಬಡಿಸುವವರ ಸಂಬಳ ಕಾನೂನಿನಂತೆ ಮಾಲೀಕರ ಹೊಣೆ, ಟಿಪ್ಸ್ ಗಿರಾಕಿಯ ಇಚ್ಛೆ. ಇವೆರಡೂ ತಮ್ಮ ತಮ್ಮ ಸ್ಥಾನದಲ್ಲಿ ಉಳಿದಾಗ ಮಾತ್ರ ಕೊಡುವವರ ಗೌರವವೂ ಪಡೆಯುವವರ ಗೌರವವೂ ಉಳಿಯುತ್ತವೆ.